ಸೆಣಬು ಕುಡಿದ ಹಸಿ

ಪಿಯುಸಿಯಲ್ಲಿ ನಾನು ಎಷ್ಟು ಸಲ ಫೇಲಾದೆ ಎಂದು ಕೇಳಿದರೆ ನಮ್ಮೂರಿನಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಏಳು ಸಲ ಎನ್ನುವವರೂ ಇದ್ದಾರೆ. ನಿಜವಾಗಿ ಮೂರು. ಮೂರನೆಯ ಸಲ ರಿಸಲ್ಟು ನೋಡಿಕೊಂಡು ಕೊಟ್ಟೂರಿನಿಂದ ರೈಲಿನಲ್ಲಿ ವಾಪಸು ಬರುವಾಗ ಟಿಕೆಟು ನೋಡುವವರು ನನ್ನ ಮುಖ ನೋಡಿ, ಟಿಕೆಟು ಕೇಳದೆ ಮುಂದೆ ಹೋದರು. ಸತ್ತವರ ಮನೆಗೆ ಹೊರಟಿದ್ದಾನೆ, ಪಾಪ, ಅಂದುಕೊಂಡಿರಬೇಕು.

ಊರಿಗೆ ಬಂದು ಬಿದ್ದ ಮೇಲೆ ನನಗೆ ಎರಡು ಉದ್ಯೋಗ. ಒಂದು, ಊರ ಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕುಳಿತು ಊರವರ ನಡಿಗೆ, ಕೆಮ್ಮು, ಸೀನು ಎಲ್ಲ ಅಣಕಿಸಿ ಗೆಳೆಯರನ್ನು ನಗಿಸುವುದು. ಇನ್ನೊಂದು, ಅಪ್ಪನ ಹಿಂದೆ ಹೊಲಕ್ಕೆ ಹೋಗಿ ಬೈಸಿಕೊಳ್ಳುವುದು. ಪರೀಕ್ಷೆ ಇಟ್ಟಿದ್ದರೆ ಎರಡರಲ್ಲೂ ಫಸ್ಟ್ ಕ್ಲಾಸು. ಆಗ ನನಗೆ ಇಪ್ಪತ್ತೊಂದು ವರ್ಷ.

ನಮ್ಮೂರು ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ, ಕಪ್ಪು ಎರೆ ನೆಲದಲ್ಲಿದೆ. ಕೂಡ್ಲಿಗಿ ಕಡೆಯ ಕೆಂಪು ಮಸಾರಿಯ ಹಾಗೆ ನೀರು ಬಂದದ್ದೇ ಬಿಟ್ಟುಕೊಡುವ ನೆಲ ಅಲ್ಲ ಇದು. ಮುಂಗಾರಿನಲ್ಲಿ ಬಿದ್ದ ಮಳೆಯನ್ನು ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಹಿಂಗಾರಿ ಜೋಳಕ್ಕೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಹಾಗೆ ಒಳಗೆ ಉಳಿದ ತೇವಕ್ಕೆ ನಾವು ಹಸಿ ಅನ್ನುತ್ತೇವೆ. ಹಸಿ ಇದ್ದರೆ ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಜೋಳ ಆಳೆತ್ತರ ನಿಲ್ಲುತ್ತದೆ. ಅದಕ್ಕಾಗಿ ಮುಂಗಾರಿನ ನಾಲ್ಕು ತಿಂಗಳು ಹೊಲದಲ್ಲಿ ಏನೂ ಬೆಳೆಯದೆ, ಮಳೆ ಬಂದು ಹೋದಾಗಲೆಲ್ಲ ಬರೀ ಕುಂಟೆ ಹೊಡೆಯುತ್ತಿರಬೇಕು. ಮೂರು ಸಲ ಫೇಲಾದ ನನ್ನಂಥ ಪಂಡಿತನಿಗೆ ಇದು ಶುದ್ಧ ದಡ್ಡತನವಾಗಿ ಕಂಡಿತು.

'ಯಪ್ಪಾ, ಬರೇ ನೆಲಕ್ಕ ಯಾಕ ಕ್ಷೌರ ಮಾಡೋದು? ಏನಾರ ಬೆಳೀಬಾರ್ದೇನು?' ಎಂದೆ ಒಂದು ದಿನ.

'ಭೂಮಿ ಬಸರಿ ಇದ್ದಂಗ ಐತಿ. ಹೊಟ್ಟ್ಯಾಗ ನೀರು ಹಿಡ್ಕಂಡೈತಿ. ನೀ ಸುಮ್ನ ಕುಂಟಿ ಹೊಡಿ,' ಎಂದ ಅಪ್ಪ. ಸ್ವಲ್ಪ ಮುಂದೆ ಹೋಗಿ ಎತ್ತು ನಿಲ್ಲಿಸಿ, 'ನಿನ್ನ ತಲಿಯಾಗ ಹಸಿ ಇಲ್ಲ. ಬಿತ್ತಿದ್ದು ಒಂದೂ ನಾಟ್ಲಿಲ್ಲ,' ಎಂದೂ ಸೇರಿಸಿದ.

ನಮ್ಮ ಹೊಲದ ಬದುವಿನ ಆಚೆ ಚಿಗವ್ವನ ನಾಲ್ಕು ಎಕರೆ. ಚಿಗವ್ವ ಎಂದರೆ ಅಪ್ಪನ ತಮ್ಮನ ಹೆಂಡತಿ. ಕಾಕ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಒಂದು ಜೋಡಿ ಎತ್ತನ್ನೂ ಪಾಲು ಮಾಡಿಕೊಂಡಿದ್ದರು. ಬಲಗಡೆಯದು ನಮಗೆ, ಎಡಗಡೆಯದು ಅವರಿಗೆ. ಆದರೆ ಒಂಟಿ ಎತ್ತಿನಿಂದ ಯಾರೂ ಹೊಲ ಮಾಡಲಾರರು. ಹಾಗಾಗಿ ಕೆಲಸದ ದಿನ ಎರಡನ್ನೂ ಜೋಡಿ ಹೂಡಿ, ಮೊದಲು ನಮ್ಮ ಹೊಲ, ಆಮೇಲೆ ಚಿಗವ್ವನ ಹೊಲ. ಸಂಜೆಗೆ ಅವಳ ಎತ್ತು ಅವಳ ಮನೆಗೆ, ನಮ್ಮದು ನಮ್ಮ ಮನೆಗೆ. ಆ ಎಡಗಡೆಯ ಎತ್ತು ತಿರುಗಿ ಹೋಗುವುದನ್ನು ಅಪ್ಪ ಪ್ರತಿ ಸಂಜೆ ನಿಂತು ನೋಡುತ್ತಿದ್ದ.

ಚಿಗವ್ವ ಅಪ್ಪನ ಜೊತೆ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಗಂಡನ ಅಣ್ಣನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಸೆರಗು ಮುಂದಕ್ಕೆಳೆದುಕೊಂಡು, 'ನಿಮ್ಮಪ್ಪಗ ಹೇಳು, ಮಿಣಿ ಹರದೈತಿ,' ಎಂದು ನನಗೆ ಹೇಳುತ್ತಿದ್ದಳು. ಅಪ್ಪನಿಗೆ ಅದು ಕೇಳಿಸಿರುತ್ತಿತ್ತು. ಆದರೂ ನಾನು ತಿರುಗಿ, 'ಯಪ್ಪಾ, ಮಿಣಿ ಹರದೈತಂತ,' ಎನ್ನಬೇಕು. 'ಹಗ್ಗ ಕಟ್ಟಿಗೆಂತ ಹೇಳು,' ಎಂದು ಅಪ್ಪ ಹೇಳಿದ್ದು ಅವಳಿಗೂ ಕೇಳಿಸಿರುತ್ತಿತ್ತು. ನಾನು ಮತ್ತೆ ಈ ಕಡೆ ತಿರುಗಿ ಹೇಳಬೇಕು. ನಮ್ಮೂರಿಗೆ ಆಗಿನ್ನೂ ಫೋನು ಬಂದಿರಲಿಲ್ಲ. ನಮ್ಮ ಮನೆಗೆ ಬಂದಿತ್ತು, ಅದು ನಾನು.

ಆ ವರ್ಷದ ಮುಂಗಾರಿನಲ್ಲಿ ಗ್ರಾಮಸೇವಕರು ಹಗರಿಬೊಮ್ಮನಹಳ್ಳಿಯಿಂದ ಸೈಕಲ್ಲಿನ ಮೇಲೆ ಒಂದು ಚೀಲ ಸೆಣಬಿನ ಬೀಜ ಹೇರಿಕೊಂಡು ಬಂದರು. ಕೆಳಗಿನ ಸೀಮೆಯವರು, ಮೃದು ಮಾತು. ಕಟ್ಟೆಯ ಮೇಲೆ ಕುಳಿತು ಹೇಳಿದರು. 'ಮುಂಗಾರಲ್ಲಿ ಹೊಲ ಬರಿದೇ ಬಿಡಬೇಡಿ. ಸೆಣಬು ಚೆಲ್ಲಿ. ಮಳೆ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗಲ್ಲ, ಬಿಸಿಲಿಗೆ ನೆಲ ಒಣಗಲ್ಲ. ಹೂ ಕಾಣಿಸಿದ ವಾರ ಮಗುಚಿ ಮಣ್ಣಿಗೆ ಹಾಕಿಬಿಡಿ, ಕೊಳೆತು ಗೊಬ್ಬರ ಆಗ್ತದೆ. ಒಂದು ನೆನಪಿಡಿ. ಹೂ ಬಂದ ಮೇಲೂ ನಿಲ್ಲಿಸಿದ್ರೆ ಅದು ನಿಮ್ಮ ಜೋಳದ ಪಾಲಿನ ನೀರನ್ನ ಕುಡಿಯೋಕೆ ಶುರು ಮಾಡ್ತದೆ.'

ಪಠ್ಯಪುಸ್ತಕ ಓದುವ ಹಾಗೆಯೇ ಕೇಳಿದೆ. ಮೊದಲ ಅರ್ಧ ಬಾಯಿಪಾಠವಾಯಿತು, ಕೊನೆಯದು ಬಿಟ್ಟುಹೋಯಿತು.

ನಮ್ಮ ಹೊಲಕ್ಕೆ ಚೆಲ್ಲೋಣ ಎಂದೆ. ಅಪ್ಪ ಚೀಲವನ್ನು ಕಾಲಿನಿಂದ ಸರಿಸಿ, 'ನನ್ನ ಹೊಲ ನಿನ್ನ ಸಾಲಿಯಲ್ಲ, ವರ್ಷಾ ವರ್ಷಾ ಫೇಲ್ ಆಗಾಕ,' ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬೇರೆಯವರನ್ನು ನಗಿಸುವುದು ನನ್ನ ಉದ್ಯೋಗ. ನನ್ನನ್ನು ಇಟ್ಟುಕೊಂಡು ನಗುವುದನ್ನು ಸಹಿಸುವ ಅಭ್ಯಾಸ ನನಗಿರಲಿಲ್ಲ. ಚೀಲ ಹೊತ್ತುಕೊಂಡು ಸೀದಾ ಚಿಗವ್ವನ ಮನೆಗೆ ಹೋದೆ.

ಚಿಗವ್ವ ಎತ್ತಿಗೆ ನೀರು ಕುಡಿಸುತ್ತಿದ್ದಳು. ಗ್ರಾಮಸೇವಕರು ಹೇಳಿದ್ದಕ್ಕೆ ನನ್ನ ಮಸಾಲೆ ಸೇರಿಸಿ, ಸೆಣಬು ಹಾಕಿದ ಹೊಲದಲ್ಲಿ ಜೋಳದ ತೆನೆ ಆನೆಯ ಕಾಲಿನಷ್ಟು ದಪ್ಪ ಆಗುತ್ತದೆಂದೆ. ಆನೆಯನ್ನು ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

'ತಮ್ಮಾ,' ಎಂದಳು ಚಿಗವ್ವ. 'ನಿನಗ ಇದು ಆಟ. ಆ ನಾಕ ಎಕ್ರಿ ಜೋಳ ಬಂದ್ರ ನನಗ ರೊಟ್ಟಿ, ಎತ್ತಿಗೆ ಸೊಪ್ಪಿ. ಬರ್ಲಿಲ್ಲಂದ್ರ ಎತ್ತು ಉಳಿಯಂಗಿಲ್ಲ. ಎತ್ತು ಹೋತಂದ್ರ ಹೊಲಾನೂ ಹೋತು. ತಿಳಕಂಡು ಹೇಳು.'

'ತಿಳಕಂಡ ಹೇಳಾಕತ್ತೀನಿ, ಚಿಗವ್ವಾ.'

'ಓದಿದಾವ ಅದಿ ನೀನು,' ಎಂದಳು. ಇಡೀ ಊರಿನಲ್ಲಿ ನನ್ನನ್ನು ಓದಿದವನು ಎಂದವಳು ಅವಳೊಬ್ಬಳೇ.

ಸೆಣಬು ಬೆಳೆಯಿತು. ಸುಳ್ಳು ಹೇಳಬಾರದು, ಅಂಥ ಬೆಳೆಯನ್ನು ನಾನು ಮತ್ತೆ ನೋಡಿಲ್ಲ. ಐವತ್ತು ದಿನಕ್ಕೆ ಎದೆಮಟ್ಟ ಬಂದು ಹೊಲವೆಲ್ಲ ಹಳದಿ ಹೂವಾಯಿತು. ಗ್ರಾಮಸೇವಕರು ಬಂದು ನೋಡಿ ಖುಷಿಪಟ್ಟರು. 'ನಾಳೆಯೇ ಮಗುಚಿಬಿಡಿ,' ಎಂದರು. ಹೋಗುವಾಗ, 'ನಮ್ಮ ಮೇಲಿನವರಿಗೆ ತೋರಿಸುವಂತಿದೆ. ಈ ಕಡೆ ಬಂದರೂ ಬರಬಹುದು,' ಎಂದು ಬಾಯಿ ತಪ್ಪಿ ಒಂದು ಮಾತಂದರು.

ಬರಬಹುದು ಎಂಬುದನ್ನು ಅಗಸಿ ಮುಟ್ಟುವಷ್ಟರಲ್ಲಿ ಬರುತ್ತಾರೆ ಎಂದು ಮಾಡಿದೆ. ಸಂಜೆಗೆ ಅದು ಜೀಪಾಯಿತು. ಮರುದಿನ ಜೀಪಿನೊಳಗೆ ಫೋಟೋ ತೆಗೆಯುವವನೂ ಕುಳಿತ. ಎರಡು ದಿನದಲ್ಲಿ ನನಗೆ ಶಾಲು, ಪ್ರಗತಿಪರ ರೈತ ಎಂಬ ಕಾಗದ, ಅದರ ಹಿಂದೆಯೇ ಒಂದು ಸರಕಾರಿ ನೌಕರಿ, ಎಲ್ಲವೂ ಹೊರಟಿದ್ದವು. ನಾನು ಬಸ್ಸು ಹತ್ತಿ ಹಡಗಲಿಗೆ ಹೋಗಿ ಮೂರು ಮಲ್ಲಿಗೆ ಹಾರ ತಂದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೆ ಪಕ್ಕದ ಮುದುಕಿ, 'ಮದ್ವಿ ನಿಂದ ಏನಪಾ?' ಎಂದಳು. ಹೌದೆಂದೆ.

ಜೀಪು ಬರಲಿಲ್ಲ. ಹಾರ ಬಾಡಿದವು. ಎರಡನೆಯ ವಾರ ಮತ್ತೆ ಹೋಗಿ ಮತ್ತೆ ಮೂರು ಹಾರ ತಂದೆ. ಅವೂ ಬಾಡಿದವು. ಒಂದನ್ನು ಎತ್ತಿನ ಕೊರಳಿಗೆ ಹಾಕಿದೆ, ಅದು ತಿರುಗಿ ತಿಂದುಬಿಟ್ಟಿತು. ಗ್ರಾಮಸೇವಕರು ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ, 'ಇನ್ನೂ ನಿಲ್ಲಿಸಿದ್ದೀರಾ? ಯಾರಿಗೂ ಕಾಯಬೇಡಿ ಮಾರಾಯ್ರೆ, ಇವತ್ತೇ ಮಗುಚಿ,' ಎಂದು ಕೈ ಮುಗಿಯುವ ಹಾಗೆ ಹೇಳಿ, ಹೆಂಡತಿಯ ಹೆರಿಗೆಗೆಂದು ರಜೆ ಹಾಕಿ ಊರಿಗೆ ಹೋದರು. ನಾನು ಇನ್ನೊಂದು ವಾರ ನೋಡೋಣ ಎಂದೆ. ಊರಿಗೆಲ್ಲ ಹೇಳಿಬಿಟ್ಟಿದ್ದೆನಲ್ಲ.

'ತಮ್ಮಾ, ಹೂವು ಉದುರಿ ಕಾಯಿ ಗಿಲಿಗಿಲಿ ಅಂತಾವು,' ಎಂದಳು ಚಿಗವ್ವ. 'ಉಬ್ಬಿ ಮಳಿ ಮುಗೀಲಿಕ್ಕ ಬಂತು. ಇನ್ನ ಯಾವಾಗ ಮಗುಚೋದು?'

'ಫೋಟೋದಾಗ ನೀನೂ ಬರ್ತಿ, ಚಿಗವ್ವಾ. ಚಲೋ ಸೀರಿ ಒಂದು ತಗದಿಟ್ಗ.'

'ಮಣ್ಣಾತು ನನ್ನ ಫೋಟೋ,' ಎಂದು ನಕ್ಕಳು. ಆದರೆ ಒಂದು ಸೀರೆ ಒಗೆದು ಹಗ್ಗದ ಮೇಲೆ ಹಾಕಿದ್ದನ್ನು ನಾನು ಮರುದಿನ ನೋಡಿದೆ.

ಕೊನೆಗೆ ಮಗುಚಿದಾಗ ಸೆಣಬು ಕೋಲಾಗಿತ್ತು. ನೇಗಿಲಿಗೆ ಸಿಕ್ಕಿಕೊಂಡು ಎತ್ತುಗಳು ಮೊಣಕಾಲು ಊರಿದವು. 'ಇದು ಗೊಬ್ಬರಲ್ಲ, ಒಲಿಗೆ ಕಟಿಗಿ. ಹೊಲದಾಕಿಗೆ ಹೇಳು, ಈ ವರ್ಷ ಉರುವಲಕ್ಕ ಬರ ಇಲ್ಲ ಅಂತ,' ಎಂದ ಅಪ್ಪ. ಅದನ್ನು ನಾನು ದಾಟಿಸಲಿಲ್ಲ. ಅವಳಿಗೆ ಕೇಳಿಸಿತ್ತು. ಮರುದಿನ ಅವಳು ಹೊಲದಲ್ಲಿ ಉಳಿದ ಕಡ್ಡಿ ಆರಿಸುವಾಗ ಸೆಣಬಿನ ಕೂಳೆಯೊಂದು ಅಂಗಾಲಿಗೆ ನೆಟ್ಟು, ಪಾದ ಕುಂಬಳಕಾಯಿಯಾಯಿತು. ಅವಳು ಗೋಡೆ ಹಿಡಿದು ಕುಂಟುವುದನ್ನು ನೋಡಿ, ನಾನು ಕಟ್ಟೆಯ ಮೇಲೆ ಅದೇ ಕುಂಟು ಮಾಡಿ ತೋರಿಸಿದೆ. ಕೈಯಲ್ಲಿ ಗೋಡೆ ಹುಡುಕುವುದನ್ನೂ ಬಿಡಲಿಲ್ಲ. ಗೆಳೆಯರು ಬಿದ್ದು ಬಿದ್ದು ನಕ್ಕರು. ಇನ್ನೊಂದ್ಸಲ ಮಾಡಲೇ ಎಂದರು. ಮಾಡಿದೆ.

ಉತ್ತರಿ ಮಳೆ ಒಂದು ಸಣ್ಣ ಸೆಳಕು ಹೊಡೆದು ಹೋಯಿತು. ನೆಲದ ಹೊಟ್ಟೆಯಲ್ಲಿದ್ದ ಹಸಿಯನ್ನು ನಂಬಿ ಊರಿಗೆ ಊರೇ ಕೂರಿಗೆ ಹೂಡಿತು. ಅಪ್ಪ ನಮ್ಮ ಹೊಲ ಬಿತ್ತಿ ಮುಗಿಸಿದ. ಇನ್ನು ಚಿಗವ್ವನದು.

ಬಿತ್ತುವ ಮೊದಲು ನಮ್ಮಲ್ಲಿ ಹಸಿ ನೋಡುವ ಕ್ರಮವಿದೆ. ಹೊಲದ ನಡುವೆ ಕೈಯಿಂದ ಗುಂಡಿ ತೋಡಿ, ತಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಬೇಕು. ಉಂಡೆ ಕಟ್ಟಿ, ಕೆಳಗೆ ಬಿಟ್ಟಾಗ ಎರಡಾಗಿ ಒಡೆದರೆ ಬಿತ್ತಬಹುದು. ಪುಡಿಯಾದರೆ ಬೀಜ ಮನೆಯಲ್ಲಿಟ್ಟುಕೊಂಡು ಹಸ್ತ ಮಳೆಗೆ ಕಾಯಬೇಕು. ಹೊಲದ ಒಡೆಯರೇ ಹೋಗಿ ನೋಡಬೇಕು. ಹೋಗಲಾಗದವರಿಗೆ ಉಂಡೆಯನ್ನು ಎಲೆಯಲ್ಲಿ ಸುತ್ತಿ ಮನೆಗೆ ತಂದು ತೋರಿಸಬೇಕು.

'ತಮ್ಮಾ, ನನಗ ನಡಿಯಾಕ ಆಗವಲ್ದು. ನಟ್ಟನಡಕ ತೋಡಿ ಉಂಡಿ ಕಟ್ಟಿಗಂಡು ಬಾ,' ಎಂದಳು ಚಿಗವ್ವ. 'ಖರೇ ಹಸಿ ಇದ್ರಷ್ಟ ಬಿತ್ತೋದು. ಬೀಜ ಇರೋದು ಒಂದ ಗಡಿಗಿ.'

ಹೋದೆ. ಹೊಲದ ನಟ್ಟನಡುವೆ ಕುಳಿತು ತೋಡಿದೆ. ನಾಲ್ಕು ಬೆರಳು ಇಳಿದೆ, ಒಣ. ಗೇಣು ಇಳಿದೆ, ಒಣ. ಮೊಣಕೈಯವರೆಗೂ ಕೈ ಇಳಿಸಿದೆ. ಸೆಣಬಿನ ಬೇರು ಅಲ್ಲಿಯವರೆಗೂ ಹೋಗಿ, ಹಸಿದವನು ಗಂಜಿಯ ಗಡಿಗೆ ನೆಕ್ಕಿಟ್ಟ ಹಾಗೆ ನೆಲವನ್ನು ನೆಕ್ಕಿಟ್ಟಿತ್ತು. ಹಿಸುಕಿದ ಮಣ್ಣು ಬೆರಳ ಸಂದಿಯಿಂದ ಸುರಿದುಹೋಯಿತು. ಇನ್ನೊಂದು ಕಡೆ ತೋಡಿದೆ. ಮೂರು ಕಡೆ ತೋಡಿದೆ. ಮೂರರಲ್ಲೂ ಫೇಲು. ಈ ಸಂಖ್ಯೆ ನನ್ನನ್ನು ಬಿಡುವ ಹಾಗೆ ಕಾಣಲಿಲ್ಲ.

ಪುಡಿ ಮಣ್ಣು ಒಯ್ದು ತೋರಿಸಿದ್ದರೆ ಆಗುತ್ತಿದ್ದುದು ಇಷ್ಟೆ. ಅವಳು ಹಸ್ತ ಮಳೆಗೆ ಕಾಯುತ್ತಿದ್ದಳು, ಬೀಜವಾದರೂ ಉಳಿಯುತ್ತಿತ್ತು. ಆದರೆ ಎಲ್ಲರ ಹೊಲಕ್ಕೂ ಕೂರಿಗೆ ಬಿದ್ದು ಅದೊಂದು ಹೊಲ ಖಾಲಿ ನಿಂತರೆ, ಯಾಕೆ ಎಂದು ಊರು ಕೇಳುತ್ತಿತ್ತು. ಆ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಬ್ಬ, 'ಫೋಟೋ ಬಂತೇನಲೇ?' ಎಂದಿದ್ದ. ಅಷ್ಟೇ ಸಾಕಾಯಿತು.

ಬದು ದಾಟಿದೆ. ಒಂದು ಹೆಜ್ಜೆ ಅಷ್ಟೆ. ನಮ್ಮ ಹೊಲದ ಅಂಚಿನಲ್ಲಿ ನಾಲ್ಕು ಬೆರಳು ತೋಡಿದೆ. ಕರಿ ಬೆಲ್ಲದ ಹಾಗೆ ಮಣ್ಣು ಬಂತು. ಚೆಂದದ ಉಂಡೆ ಕಟ್ಟಿದೆ. ಮೂರು ವರ್ಷ ಕಾಲೇಜಿನಲ್ಲಿ ಕಾಪಿ ಹೊಡೆಯಲೂ ಬಾರದವನು ಅವತ್ತು ಪಕ್ಕದ ಹೊಲದಿಂದ ಕಾಪಿ ಹೊಡೆದೆ. ಎಕ್ಕೆಯ ಎಲೆಯಲ್ಲಿ ಸುತ್ತಿಕೊಂಡು ಹೋದೆ.

ಚಿಗವ್ವ ಎಲೆ ಬಿಚ್ಚಿ ಉಂಡೆಯನ್ನು ಎರಡೂ ಅಂಗೈಯಲ್ಲಿ ಹೊರಳಿಸಿದಳು. ಕೆನ್ನೆಗೆ ಒತ್ತಿಕೊಂಡು ತಂಪು ನೋಡಿದಳು.

'ಎಷ್ಟ ಆಳಕ್ಕ ಸಿಕ್ತು?'

'ನಾಕ ಬಟ್ಟು.'

'ಹಂಗಾರ ಸೆಣಬು ಚಲೋನ ಮಾಡೈತಿ. ಎಲ್ಲಾರೂ ನಿನ್ನ ಆಡ್ಕಂಡ್ರು, ನೋಡು.' ಉಂಡೆಯನ್ನು ಒಡೆಯದೆ ಮತ್ತೆ ಎಲೆಯಲ್ಲಿ ಸುತ್ತಿ ಕೊಟ್ಟಳು. 'ನಿಮ್ಮಪ್ಪಗ ತೋರ್ಸು. ನಾಳೆ ನನ್ನ ಹೊಲಕ್ಕ ಕೂರಿಗಿ ಹೂಡ್ಲಿ ಅಂತ ಹೇಳು.'

ಅಪ್ಪ ಅಂಗಳದಲ್ಲಿ ಕೂರಿಗೆಯ ಹಗ್ಗ ಬಿಗಿಯುತ್ತಿದ್ದ. ಉಂಡೆ ತೆಗೆದುಕೊಂಡು ಒಡೆದ. ಒಳಗಿಂದ ಏನೋ ಕಪ್ಪು ಕಾಳಿನಂಥದ್ದನ್ನು ಉಗುರಿನಿಂದ ಎತ್ತಿ, ಹೊಸಕಿ, ಮೂಸಿದ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಅಪ್ಪ ಧೋತರಕ್ಕೆ ಕೈ ಒರೆಸಿಕೊಂಡು, 'ಹೊತ್ತು ಹುಟ್ಟಾದ್ರಾಗ ಎತ್ತು ಹಿಡಕಂಡು ಬಾ,' ಎಂದ. ಇಬ್ಬರನ್ನೂ ಯಾಮಾರಿಸಿದೆ ಎಂದುಕೊಂಡೆ.

ಬಿತ್ತುವ ದಿನ ಚಿಗವ್ವ ಕಾಲಿಗೆ ಬಟ್ಟೆ ಕಟ್ಟಿಕೊಂಡು ಕುಂಟುತ್ತಲೇ ಬಂದಳು. ತನ್ನ ಹೊಲದ ಬೀಜವನ್ನು ತಾನೇ ಕೂರಿಗೆಯ ಬಟ್ಟಲಿಗೆ ಬಿಡಬೇಕು ಅವಳಿಗೆ. ಬೂದಿ ಬೆರೆಸಿಟ್ಟಿದ್ದ ಜೋಳವನ್ನು ಕೇರಿ, ಉಡಿಯಲ್ಲಿ ಕಟ್ಟಿಕೊಂಡಿದ್ದಳು. ಎರಡು ಸಾಲು ಹೋಗುವಷ್ಟರಲ್ಲಿ ಕೂರಿಗೆಯ ಹಿಂದೆ ಧೂಳೆದ್ದಿತು. ಹಸಿ ನೆಲದಲ್ಲಿ ಧೂಳು ಏಳುವುದಿಲ್ಲ.

ಚಿಗವ್ವ ನಿಂತಳು. ಸೆರಗು ಎಳೆದುಕೊಂಡು ನನ್ನ ಕಡೆ ತಿರುಗಿದಳು. 'ನಿಮ್ಮಪ್ಪಗ ಕೇಳು, ಧೂಳ ಯಾಕ ಏಳಾಕತ್ತೈತಿ?'

'ಯಪ್ಪಾ, ಧೂಳ ಯಾಕ ಏಳಾಕತ್ತೈತಿ ಅಂತ ಕೇಳ್ತಾಳ.'

ಅಪ್ಪ ಎತ್ತು ನಿಲ್ಲಿಸಲಿಲ್ಲ. 'ಮ್ಯಾಲಿಂದು ಒಣಗೈತಿ, ತಳದಾಗ ಹಸಿ ಐತಿ ಅಂತ ಹೇಳು.'

'ಮ್ಯಾಲಿಂದು ಒಣಗೈತಂತ, ಚಿಗವ್ವಾ. ತಳದಾಗ ಐತಂತ.'

'ಅವರು ಅಂದಮ್ಯಾಲೆ ಆತು ಬಿಡು,' ಎಂದು ಮತ್ತೆ ಬೀಜ ಬಿಟ್ಟಳು. ಮಧ್ಯಾಹ್ನದೊಳಗೆ ಗಡಿಗೆ ಖಾಲಿಯಾಯಿತು.

ಮೊಳಕೆಯೊಡೆಯದೆ ಇದ್ದಿದ್ದರೂ ಚೆನ್ನಾಗಿರುತ್ತಿತ್ತು. ನಾಲ್ಕು ದಿನಕ್ಕೆ ಒಂದು ತುಂತುರು ಬಂತು. ಮೇಲಿನ ಅರ್ಧ ಬೆರಳು ಮಣ್ಣು ನೆನೆದು ಎಲ್ಲ ಬೀಜವೂ ಎದ್ದಿತು. ಸಾಲು ಸಾಲು ಹಸಿರು. ನಾನು ಕಟ್ಟೆಗೆ ಹೋಗಿ, 'ಈಗ ಬರ್ರಿ, ಫೋಟೋ ತಗೀರಿ,' ಎಂದೆ. ಮೇಲಿನ ಹಸಿ ಕೆಳಗಿನ ಹಸಿಯನ್ನು ಕೂಡಬೇಕು ಎಂದು ಹಿರಿಯರು ಹೇಳುತ್ತಾರೆ. ಕೂಡಲು ಕೆಳಗೆ ಏನಿತ್ತು? ಎಂಟು ದಿನದಲ್ಲಿ ಪೈರು ನಾಲ್ಕು ಬೆರಳು ಎತ್ತರದಲ್ಲಿ ನಿಂತಿತು, ಹದಿನೈದು ದಿನದಲ್ಲಿ ತುದಿ ಸುರುಟಿತು, ಆಮೇಲೆ ಇಲಿಯ ಬಾಲದ ಹಾಗೆ ನೆಲಕ್ಕೆ ಮಲಗಿತು. ಹಸ್ತ ಮಳೆ ಬಂದದ್ದು ಅದೆಲ್ಲ ಒಣಗಿ ಹುಲ್ಲಾದ ಮೇಲೆ, ಚೆನ್ನಾಗಿಯೇ ಬಂತು. ಆಗ ಬಿತ್ತಲು ಅವಳ ಬಳಿ ಬೀಜವಿರಲಿಲ್ಲ. ಬದುವಿನ ಈ ಕಡೆ ನಮ್ಮ ಜೋಳ ಮೊಣಕಾಲಿಗೆ ಬಂದಿತ್ತು.

ಚಿಗವ್ವ ಅಳಲಿಲ್ಲ. ಸಾಲಿನಲ್ಲಿ ಕುಳಿತು ಒಣಗಿದ ಒಂದೊಂದೇ ಗಿಡ ಕಿತ್ತು ಬೇರು ನೋಡುತ್ತಿದ್ದಳು. 'ಹಸಿ ಇತ್ತಲ್ಲೋ ತಮ್ಮಾ. ನನ್ನ ಕೈಯಾಗ ಇತ್ತು,' ಎಂದಳು. ನಾನು ಒಂದು ಜೋಕು ಹೇಳಲು ಬಾಯಿ ತೆರೆದೆ, ಜೋಕು ಬರಲಿಲ್ಲ. 'ಹೌದು' ಎಂದುಬಿಟ್ಟೆ.

ಊರು ಬಿಡಲಿಲ್ಲ. 'ಆ ಹೊಲದಾಗ ಫೋಟೋ ಬಿತ್ತ್ಯಾರಪಾ, ಕಾಯಬೇಕು' ಎಂದರು. ನಾನು ಹೋದಲ್ಲೆಲ್ಲ ಬೆರಳು ಗುಂಡಗೆ ಮಾಡಿ ಕಣ್ಣಿಗೆ ಹಿಡಿದು ಕ್ಲಿಕ್ ಅನ್ನುವರು. ಚಿಗವ್ವ ಹೋದಲ್ಲೂ ಅನ್ನುವರು. ಆ ಬೆರಳು ಕ್ಯಾಮರಾ ಎಂದು ಅವಳಿಗೆ ಅರ್ಥವೂ ಆಗುತ್ತಿರಲಿಲ್ಲ.

ಚಳಿ ಹಿಡಿಯುವ ಹೊತ್ತಿಗೆ ಅವಳ ಹಿತ್ತಲಿನ ಹಳೆಯ ಜೋಳದ ಸೊಪ್ಪೆ ತೀರಿತು. ಎತ್ತಿನ ಪಕ್ಕೆ ಎಣಿಸುವಂತಾಯಿತು. ನನ್ನನ್ನು ಕರೆದು, 'ನಿಮ್ಮಪ್ಪಗ ಕೇಳು, ಒಂದು ಬಂಡಿ ಸೊಪ್ಪಿ ಕೊಡ್ತಾರೇನು, ಬರೋ ವರ್ಷ ಹೊಳ್ಳಿ ಹಾಕ್ತೀನಿ,' ಎಂದಳು.

ಹೋಗಿ ಕೇಳಿದೆ. ಅಪ್ಪ ಎಲೆಯಡಿಕೆ ಉಗಿದು ಬಂದ. 'ಅಲ್ಲಿಗೆ ಬಂಡಿ ಹೇರೋದು ಯಾಕ, ಇಲ್ಲೇ ತಿನ್ಲಿ ಅಂತ ಹೇಳು. ನಮ್ಮ ಗ್ವಾದ್ಲಿಯಾಗ ಜಾಗ ಐತಿ.'

ಅವಳಿಗೆ ಅದು ದೊಡ್ಡ ಉಪಕಾರವಾಗಿ ಕಂಡಿತು. ಎತ್ತಿನ ಹಣೆ ಸವರಿ, ಹಗ್ಗ ನನ್ನ ಕೈಗೆ ಕೊಟ್ಟಳು. ನಾನು ಹಿಡಿದುಕೊಂಡು ಬಂದು ನಮ್ಮ ಎತ್ತಿನ ಎಡಕ್ಕೆ ಕಟ್ಟಿದೆ. ಪಾಲಾದ ಮೇಲೆ ಆ ಜೋಡಿ ಒಂದೇ ಗೋದಲಿಯಲ್ಲಿ ನಿಂತದ್ದು ಅದೇ ಮೊದಲು. ಅಪ್ಪ ಎರಡರ ಬೆನ್ನ ಮೇಲೂ ಕೈಯಾಡಿಸಿದ. ಆಮೇಲೆ ನನ್ನ ಬೆನ್ನ ಮೇಲೂ.

'ಮೂರು ಸಲ ಫೇಲ್ ಆದ್ರೂ ಒಂದು ಕೆಲ್ಸ ಬರಾಬರಿ ಮಾಡಿದಿ,' ಎಂದ.

'ಯಾವುದು?'

'ಆ ಉಂಡಿ. ಬ್ಯಾಸಿಗ್ಯಾಗ ಗೊಬ್ಬರಕ್ಕಂತ ಕುರಿ ನಿಲ್ಸಿದ್ದು ನಮ್ಮ ಹೊಲದಾಗ ಅಷ್ಟ. ಆಕಿ ಹೊಲದ ಮಣ್ಣಾಗ ಕುರಿ ಹಿಕ್ಕಿ ಎಲ್ಲಿಂದ ಬರ್ಬೇಕು?'

ನಾನು ಕೇಳಿದೆ, 'ಗೊತ್ತಿದ್ದೂ ಬಿತ್ತಿದೇನು?'

'ಆಕಿ ಬಿತ್ತು ಅಂದ್ಳು, ಬಿತ್ತಿದೆ. ನನಗ ಆಕಿ ಕೂಡ ಮಾತಾಡೋ ರೂಢಿ ಎಲ್ಲೈತಿ?' ಎಂದು ಅಪ್ಪ ಒಳಗೆ ಕೂಗಿದ, 'ಇವಂಗ ಒಂದು ಬಟ್ಲು ಕೆನಿ ಹಾಲು ಕೊಡ್ರಿ.'

ಅವ್ವ ಕೊಟ್ಟಳು. ನಾನು ಕುಡಿದೆ. ಬುದ್ಧಿ ಬಂದಾಗಿನಿಂದ ಆ ಮನೆಯಲ್ಲಿ ನನ್ನ ಹೆಸರಿಗೆ ಕೆನೆ ಹಾಲು ಬಂದದ್ದು ಆವತ್ತೇ. ಚೆನ್ನಾಗಿತ್ತು.

ಸುಗ್ಗಿಯಲ್ಲಿ ಚಿಗವ್ವ ನಮ್ಮ ಹೊಲಕ್ಕೆ ತೆನೆ ಮುರಿಯಲು ಬಂದಳು. ಸಂಜೆಗೆ ಎಲ್ಲ ಆಳುಗಳ ಹಾಗೆ ಅವಳಿಗೂ ಒಂದು ಉಡಿ ತೆನೆ. ಅದು ನೋಡಿ ನೋಡಿ ನನಗೆ ಅಜೀರ್ಣವಾಯಿತು. ಒಂದು ದಿನ ಹೊತ್ತೇರುವ ಮುನ್ನ ಅವಳ ಮನೆಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ, 'ಚಿಗವ್ವಾ, ಒಂದು ನಗೋ ಮಾತು ಹೇಳ್ತೀನಿ,' ಎಂದು ಶುರು ಮಾಡಿದೆ. ಬದು ದಾಟಿದ್ದು ಹೇಳಿದೆ. ಎಕ್ಕೆಯ ಎಲೆ ಹೇಳಿದೆ. ಅವಳ ಕುಂಟು ಅಣಕಿಸಿದ್ದನ್ನೂ ಹೇಳಿಬಿಟ್ಟೆ, ಅದನ್ನು ಯಾರೂ ಕೇಳಿರಲಿಲ್ಲ.

ರೊಟ್ಟಿ ಬಡಿಯುವುದು ನಿಂತಿತು. ಹೆಂಚಿನ ಮೇಲಿದ್ದದ್ದು ಸೀದುಹೋಯಿತು. ಅವಳು ತೆಗೆಯಲಿಲ್ಲ.

'ಆ ಕಡೆ ಹೊಲದವರು ಬಂದಿದ್ರು,' ಎಂದಳು. 'ನಿಮ್ಮ ಹೊಲ ಅರ್ಧ ಪಾಲಿ‌ಗೆ ಮಾಡ್ತೀವಿ, ಬೀಜ ನಮ್ದು, ನಿಮ್ಮ ಎತ್ತೂ ಹೊಳ್ಳಿ ಮನಿಗೆ ತರ್ಸಿ ಸಾಕ್ತೀವಿ ಅಂದ್ರು. ಮನಿತನದಾಗ ನಿಮ್ಮಪ್ಪ ಇರೂವಾಗ ಹೊರಗಿನವರಿಗೆ ಹೆಂಗ ಕೊಡ್ಲಿ ಅಂತ ಇನ್ನೂ ಏನೂ ಅಂದಿಲ್ಲ.' ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. 'ಒಂದು ಕೇಳ್ತೀನಿ. ಖರೇ ಹೇಳು. ಅವತ್ತು ನಿಮ್ಮಪ್ಪಗ ಗೊತ್ತಿತ್ತೇನು?'

ಅವಳು ಅಪ್ಪನನ್ನು ನೇರವಾಗಿ ಕೇಳುವ ಹಾಗಿರಲಿಲ್ಲ. ಕೇಳಿದರೆ ನನ್ನ ಮೂಲಕವೇ ಕೇಳಬೇಕು. ನಾನೋ ಎದುರಿಗೇ ಕುಳಿತಿದ್ದೆ. ಹೂಂ ಎಂದಿದ್ದರೆ ಹೊಲ ಆ ಕಡೆಯವರಿಗೆ ಹೋಗುತ್ತಿತ್ತು, ಎತ್ತು ಅವಳ ಮನೆಗೆ ಬರುತ್ತಿತ್ತು, ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ. ಇಪ್ಪತ್ತೊಂದು ವರ್ಷದ ಗಂಡಸು, ಎಲ್ಲಿಯಾದರೂ ದುಡಿದು ತಿನ್ನಬಹುದಿತ್ತು. ಅದೆಲ್ಲ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಕೆನೆ ಹಾಲು.

'ಇಲ್ಲ, ಚಿಗವ್ವಾ. ಅಪ್ಪಗ ಏನೂ ಗೊತ್ತಿರ್ಲಿಲ್ಲ,' ಎಂದೆ.

ಅವಳು ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು ಹೊಸದು ಹಾಕಿದಳು. 'ನೀನು ದಡ್ಡ ಅದಿ, ಕೆಟ್ಟಾವಲ್ಲ,' ಎಂದಳು. 'ಬಂದು ಬಾಯಿಬಿಟ್ಟು ಹೇಳಿದೆಲ್ಲ, ಅಷ್ಟಾರ ಆತು. ಉಣ್ಣು.' ಬಿಸಿ ರೊಟ್ಟಿಯ ಮೇಲೆ ಹಿಂಡಿ ಖಾರ, ಎಣ್ಣೆ ಹಾಕಿ ಕೊಟ್ಟಳು. ಆ ಜೋಳ ಅವಳು ನಮ್ಮ ಹೊಲದಲ್ಲಿ ಉಡಿ ತುಂಬ ದುಡಿದು ತಂದದ್ದು. ಎರಡು ತಿಂದೆ. ಮೂರನೆಯದು ಬೇಡವೆಂದೆ. ಅಷ್ಟು ಮರ್ಯಾದೆ ನನಗಿತ್ತು.

'ನಿಮ್ಮಪ್ಪಗ ಹೇಳು, ಬರೋ ಮುಂಗಾರಿಲಿಂದ ಹೊಲ ಅವರ ಮಾಡ್ಲಿ. ಅರ್ಧ ಪಾಲು ನನಗ ಕೊಟ್ರ ಸಾಕು.'

ಹೋಗಿ ಹೇಳಿದೆ. ಅಪ್ಪ ಎತ್ತುಗಳಿಗೆ ಸೊಪ್ಪೆ ಹಾಕುತ್ತಿದ್ದ. 'ಮತ್ತೇನಾರ ಕೇಳಿದ್ಳೇನು?' ಎಂದ. ಏನೂ ಇಲ್ಲವೆಂದೆ. ಅಪ್ಪ ಇನ್ನೊಂದು ಕಟ್ಟು ಸೊಪ್ಪೆ ಬಿಚ್ಚಿ, 'ಅರ್ಧ ಆಗಂಗಿಲ್ಲ, ಬೀಜ, ಎತ್ತು, ಆಳು ಎಲ್ಲಾ ನಮ್ದು. ಮೂರ್ರಾಗ ಒಂದು ಪಾಲು ಅಂತ ಹೇಳು. ಸೋಮವಾರ ಆ ಹೊಲದಾಗ ಕೂಳಿ ಆರಸಾಕ ಬಾ ಅಂತ ಹೇಳು, ಕೂಲಿ ಎಲ್ಲಾರ್ಗೂ ಕೊಟ್ಟಂಗ ಕೊಡ್ತೀವಿ,' ಎಂದ.

ವಾಪಸು ಹೋಗಿ ಹೇಳಿದೆ. ಅವಳು ಬಾಗಿಲಲ್ಲಿ ನಿಂತು ಮೂರರಲ್ಲಿ ಒಂದು ಎಂಬುದನ್ನು ಬೆರಳಿನಲ್ಲಿ ಮಡಿಚಿ ನೋಡಿಕೊಂಡಳು. ಆಗಲಿ ಎಂದಳು.

ನಾನು ತಿರುಗಿ ಹೊರಟಾಗ ಹಿಂದಿನಿಂದ ಕರೆದಳು. 'ತಮ್ಮಾ, ನಿಮ್ಮಪ್ಪಗ ಕೇಳು. ಸೋಮವಾರ ಬುತ್ತಿ ಅವರ ಕೊಡ್ತಾರೋ, ನಾನ ಕಟ್ಟಿಗಂಡು ಬರ್ಬೇಕೋ?'

ಕೇಳಿಕೊಂಡು ಬರುತ್ತೇನೆಂದು ಮತ್ತೆ ಮನೆಯ ಕಡೆ ನಡೆದೆ.